ಮಗುವಿಗೆ ಊರಲ್ಲೇ ಇಲ್ಲದ ಹೆಸರು ಇಡಬಹುದಾ?

ಪ್ರಶ್ನೆ: ನಾವು ಬದಿಯಡ್ಕದ ಹತ್ತಿರದವರು. ಮಗಳು ಹುಟ್ಟಿ ಒಂದು ವಾರ ಆಯಿತು. ಊರಲ್ಲಿ ಯಾರಿಗೂ ಇಲ್ಲದ ಹೆಸರು ಇಡಬೇಕು ಅಂತ ನಮ್ಮ ಆಸೆ. ‘ಮತ್ತೆ ಕೂಸಿಗೇ ಕಷ್ಟ’ ಅಂತ ಅಜ್ಜಿ ಹೇಳ್ತಾರೆ. ಹೌದಾ?

ಉತ್ತರ: ಧಾರಾಳವಾಗಿ ಇಡಿ. ಹೆಸರು ಅಪರೂಪದ್ದು ಅನ್ನುವ ಕಾರಣಕ್ಕೆ ಯಾರಿಗೂ ಕಷ್ಟ ಆಗುವುದಿಲ್ಲ. ನಮ್ಮ ಕಾಸರಗೋಡಿನಲ್ಲಿ ಕಷ್ಟ ಬರುವ ದಾರಿಯೇ ಬೇರೆ. ಮನೆಯಲ್ಲಿ ಕನ್ನಡದಲ್ಲೋ ತುಳುವಿನಲ್ಲೋ ಕರೆಯುತ್ತೇವೆ. ಜನನ ಪ್ರಮಾಣಪತ್ರದಲ್ಲಿ ಅದು ಮಲಯಾಳಕ್ಕೂ ಇಂಗ್ಲಿಷಿಗೂ ಹೋಗುತ್ತದೆ. ಅಲ್ಲಿ ಹೋದ ಮೇಲೂ ಹೆಸರು ಅದೇ ಆಗಿ ಉಳಿಯುತ್ತದಾ? ನೋಡಬೇಕಾದದ್ದು ಇಷ್ಟೇ.

ನನ್ನ ಚಿಕ್ಕಮ್ಮ ಮನೆಯಲ್ಲಿ ವತ್ಸಲ, ರೇಷನ್ ಕಾರ್ಡಿನಲ್ಲಿ ವಲ್ಸಲ. ಬರೆದವರದ್ದೇನೂ ತಪ್ಪಿಲ್ಲ. ‘ಸ’ಕಾರದ ಹಿಂದಿನ ಅರ್ಧ ‘ತ’ ಮಲಯಾಳದ ಬಾಯಲ್ಲಿ ‘ಲ’ ಆಗುತ್ತದೆ. ಉತ್ಸವವನ್ನು ಉಲ್ಸವಂ ಅನ್ನುವುದು ನೀವೂ ಕೇಳಿರುತ್ತೀರಿ, ಅಲ್ವಾ? ‘ಇಬ್ಬರೂ ನಾನೇ’ ಅಂತ ಚಿಕ್ಕಮ್ಮ ಬ್ಯಾಂಕಿನಲ್ಲಿ ಬರೆದುಕೊಡುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ವತ್ಸಲ ಅಂದರೆ ಎಲ್ಲರಿಗೂ ಗೊತ್ತಿರುವ ಹೆಸರು. ಅದಕ್ಕೇ ಈ ಗತಿಯಾದರೆ ಜ್ಯೋತ್ಸ್ನಾದಂಥ ಹೆಸರನ್ನು ಎರಡು ಸಲ ಯೋಚಿಸಿಯೇ ಇಡಬೇಕು.

ಎರಡನೆಯದು ಅರ್ಥ. ‘ಇಚ್ಛಾ’ ಚಂದದ ಹೆಸರೇ. ಆದರೆ ಮಲಯಾಳದಲ್ಲಿ ‘ಈಚ್ಚ’ ಅಂದರೆ ನೊಣ. ಶಾಲೆಯ ಮಕ್ಕಳು ಹ್ರಸ್ವ ದೀರ್ಘ ನೋಡಿ ತಮಾಷೆ ಮಾಡುವುದಿಲ್ಲ.

ಹಾಗಂತ ಎಲ್ಲವನ್ನೂ ಮಲಯಾಳದ ತಲೆಗೆ ಕಟ್ಟಬೇಡಿ. ‘ಳ’, ‘ಣ’ ಎರಡೂ ಅಲ್ಲಿ ನಮ್ಮಷ್ಟೇ ಗಟ್ಟಿ. ಅವು ಕಳೆದುಹೋಗುವುದು ಇಂಗ್ಲಿಷಿನಲ್ಲಿ. ‘ಇಳಾ’ ಅಂತ ಇಟ್ಟರೆ ಇಂಗ್ಲಿಷಿನಲ್ಲಿ ಅದು ಇಲಾ. ಅದನ್ನು ನೋಡಿಕೊಂಡು ಯಾರಾದರೂ ಮತ್ತೆ ಮಲಯಾಳದಲ್ಲಿ ಬರೆದರೆ ‘ಇಲ’. ಅಂದರೆ ಎಲೆ, ಊಟಕ್ಕೆ ಹಾಕುವ ಬಾಳೆಲೆಯೂ ಅದೇ!

ಅಪರೂಪದ ಹೆಸರು ಅಂದರೆ ನನಗೆ ನೆನಪಾಗುವುದು ನಿಮ್ಮ ಬದಿಯಡ್ಕದ ಕಡೆಯವರೇ ಆದ ಕವಿ ಕಯ್ಯಾರ ಕಿಞ್ಞಣ್ಣ ರೈ. ಆ ‘ಞ್ಞ’ ಕಂಡರೆ ಬೆಂಗಳೂರಿನ ಕಡೆಯವರು ಈಗಲೂ ತಡವರಿಸುತ್ತಾರೆ. ಮಲಯಾಳಿಗಳಿಗೆ ಅದು ಸಲೀಸು, ಅವರ ‘ಕುಞ್ಞಿ’ಯಲ್ಲೂ ಅದೇ ಅಕ್ಷರ ಇದೆ. ಇಂಗ್ಲಿಷಿನಲ್ಲಂತೂ ಹೇಗೆ ಬರೆದರೂ ಕೂರುವುದಿಲ್ಲ. 1915ರಲ್ಲಿ ಹುಟ್ಟಿ 2015ರ ತನಕ ಬದುಕಿದ ಅವರು ಆ ಹೆಸರಲ್ಲೇ ಕನ್ನಡ ನಾಡಿಗೆಲ್ಲ ಗೊತ್ತಾದರು. ಅಜ್ಜಿಗೆ ಇದನ್ನು ಹೇಳಿ ನೋಡಿ.

ಇನ್ನು ನಕ್ಷತ್ರದ ಅಕ್ಷರ. ವಿಚಿತ್ರ ಹೆಸರು ಜಾಸ್ತಿ ಹುಟ್ಟುವುದೇ ಇಲ್ಲಿ ಅಂತ ನನಗೆ ಗುಮಾನಿ. ಆರ್ದ್ರಾ ನಕ್ಷತ್ರದ ನಾಲ್ಕು ಪಾದಗಳಿಗೆ ಕು, ಘ, ಙ, ಛ. ‘ಙ’ದಿಂದ ಹೆಸರು ಎಲ್ಲಿಂದ ತರುವುದು? ನಕ್ಷತ್ರದ ಹೆಸರನ್ನು ಅಕ್ಕಿಯ ಮೇಲೆ ಉಂಗುರದಲ್ಲಿ ಬರೆದು, ಮಗುವಿನ ಕಿವಿಯಲ್ಲಿ ಹೇಳಿ ಮುಗಿಸಿ. ಕಾಗದಕ್ಕೆ ಕರೆಯುವ ಹೆಸರೇ ಸಾಕು.

ಗಡಿಬಿಡಿಯೂ ಬೇಡ. 21 ದಿನದೊಳಗೆ ಆಗಬೇಕಾದದ್ದು ಜನನದ ನೋಂದಣಿ. ಹೆಸರಿನ ಜಾಗ ಖಾಲಿ ಬಿಡಬಹುದು, ಒಂದು ವರ್ಷದೊಳಗೆ ಸೇರಿಸಿದರೆ ಶುಲ್ಕ ಇಲ್ಲ, ಆಮೇಲಾದರೆ ತಡವಾದದ್ದಕ್ಕೆ ಕಟ್ಟಬೇಕು. ಆದರೆ ಸೇರಿಸುವಾಗ ಒಂದೊಂದು ಅಕ್ಷರವನ್ನೂ ನೋಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರಲು, ಲೈಸೆನ್ಸಿಗೆ, ಮತದಾರರ ಪಟ್ಟಿಗೆ, ಎಲ್ಲದಕ್ಕೂ ಹುಟ್ಟಿದ ದಿನದ ದಾಖಲೆ ಈ ಪ್ರಮಾಣಪತ್ರವೇ. ಹೋಗುವಾಗ ಒಂದು ಚೀಟಿಯಲ್ಲಿ ಹೆಸರನ್ನು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಬರೆದು ತೆಗೆದುಕೊಂಡು ಹೋಗಿ. ಬಾಯಲ್ಲಿ ಹೇಳಬೇಡಿ.

ಅದಕ್ಕೂ ಮೊದಲು ಒಂದು ಕೆಲಸ ಇದೆ. ಪಕ್ಕದ ಮನೆಯಲ್ಲಿ ಮಲಯಾಳಿ ಚೇಚಿ ಇದ್ದರೆ, ಅಂಗಳದಲ್ಲಿ ನಿಂತು ಆ ಹೆಸರನ್ನು ಒಮ್ಮೆ ಜೋರಾಗಿ ಕೂಗಲು ಹೇಳಿ. ನೀವು ಒಳಗಿಂದ ಕೇಳಿಸಿಕೊಳ್ಳಿ.