ಡಯಟ್ ಯಾಕೆ ಕೈಕೊಡುತ್ತದೆ? ಹಸಿವಿನ ಬಗ್ಗೆ ಒಂದು ಟಿಪ್ಪಣಿ

ಡಯಟ್ ಮಾಡಿ ಇಳಿಸಿದ ತೂಕ ಹೆಚ್ಚಿನವರಿಗೆ ಕೆಲವೇ ವರ್ಷಗಳಲ್ಲಿ ಮರಳಿ ಬರುತ್ತದೆ. ಆಗ ಎಲ್ಲರೂ ಹೇಳುವ ಮಾತು ಒಂದೇ: 'ಬಾಯಿ ಕಟ್ಟೋಕೆ ಆಗಲಿಲ್ಲ.' ಈ ಟಿಪ್ಪಣಿ ಓದುವಾಗ ಆ ಮಾತನ್ನು ದಯವಿಟ್ಟು ಪಕ್ಕಕ್ಕಿಡಿ. ಎಷ್ಟೋ ಜನ ಅದನ್ನು ನಂಬಿ ಸುಮ್ನೆ ತಮ್ಮನ್ನೇ ಬೈದುಕೊಂಡಿದ್ದಾರೆ.

ಮೊದಲು ಓದಬೇಕಾದದ್ದು ಮಿನೆಸೋಟ ಪ್ರಯೋಗ. 1944ರ ಕೊನೆಯಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರನ್ನು ಆರಿಸಿಕೊಂಡರು. ಯುದ್ಧದಲ್ಲಿ ಹಸಿದು ಸೊರಗಿದ ಜನರನ್ನು ಚೇತರಿಸುವುದು ಹೇಗೆ ಎಂದು ತಿಳಿಯಬೇಕಿತ್ತು. 24 ವಾರ ಆ ಯುವಕರಿಗೆ ದಿನಕ್ಕೆ ಸಿಕ್ಕಿದ್ದು ಸುಮಾರು 1,600 ಕ್ಯಾಲೊರಿ. ಈ ಅಂಕಿಯನ್ನು ಗುರುತು ಹಾಕಿಕೊಳ್ಳಿ. ಇಂದಿನ ಎಷ್ಟೋ ಡಯಟ್ ಪಟ್ಟಿಗಳು ಇದಕ್ಕಿಂತ ಕಡಿಮೆ ಕೊಡುತ್ತವೆ! ಅವರ ತೂಕ ಕಾಲು ಭಾಗದಷ್ಟು ಇಳಿಯಿತು. ಆದರೆ ಸದಾ ಚಳಿ, ಸುಸ್ತು, ಮಂಕು. ತಟ್ಟೆ ನೆಕ್ಕುತ್ತಿದ್ದರು, ಅಡುಗೆ ಪುಸ್ತಕಗಳನ್ನು ಓದುತ್ತಾ ಕೂರುತ್ತಿದ್ದರು. ಬೇಕಾದಷ್ಟು ತಿನ್ನಲು ಬಿಟ್ಟಾಗ ಕೆಲವರು ಹೊಟ್ಟೆ ಬಿರಿಯುವಷ್ಟು ತಿಂದರೂ 'ಇನ್ನೂ ಹಸಿವು' ಅಂದರು. ಇವರಾರೂ ಮನಸ್ಸು ಗಟ್ಟಿಯಿಲ್ಲದವರಲ್ಲ.

ದೇಹಕ್ಕೆ ಡಯಟ್ ಮತ್ತು ಬರಗಾಲದ ವ್ಯತ್ಯಾಸ ತಿಳಿಯುವುದಿಲ್ಲ. ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನು 'ದಾಸ್ತಾನು ಸಾಕಷ್ಟಿದೆ' ಎಂದು ಮಿದುಳಿಗೆ ತಿಳಿಸುತ್ತದೆ. ಹೊಟ್ಟೆಯಿಂದ ಬರುವ ಗ್ರೆಲಿನ್ ಎಂಬ ಇನ್ನೊಂದು ಹಾರ್ಮೋನು ಹಸಿವು ಹುಟ್ಟಿಸುತ್ತದೆ. ತೂಕ ಇಳಿದಾಗ ಮೊದಲನೆಯದು ಕುಸಿಯುತ್ತದೆ, ಎರಡನೆಯದು ಏರುತ್ತದೆ. 2011ರ ಒಂದು ಆಸ್ಟ್ರೇಲಿಯಾ ಅಧ್ಯಯನದಲ್ಲಿ 10 ವಾರದ ಡಯಟ್ ಮುಗಿದು ಒಂದು ವರ್ಷ ಕಳೆದರೂ ಈ ಏರುಪೇರು ಸರಿಹೋಗಿರಲಿಲ್ಲ. ಹಸಿವೂ ಮೊದಲಿಗಿಂತ ಜಾಸ್ತಿಯೇ ಇತ್ತು. ಅತ್ತ ಖರ್ಚನ್ನೂ ದೇಹ ಬಿಗಿ ಮಾಡುತ್ತದೆ. ತೂಕ ಇಳಿಸುವ ಒಂದು ಅಮೆರಿಕನ್ ಟಿವಿ ಸ್ಪರ್ಧೆಯ 14 ಮಂದಿಯನ್ನು ಸಂಶೋಧಕ ಕೆವಿನ್ ಹಾಲ್ ತಂಡ 6 ವರ್ಷದ ನಂತರ ಪರೀಕ್ಷಿಸಿತು. ಸುಮ್ಮನೆ ಕೂತಾಗ ಅವರ ದೇಹ ಖರ್ಚು ಮಾಡುತ್ತಿದ್ದ ಶಕ್ತಿ, ಲೆಕ್ಕದ ಪ್ರಕಾರ ಇರಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ. ಕಳೆದುಕೊಂಡ ತೂಕದ ಬಹುಪಾಲು ಮರಳಿ ಬಂದಿತ್ತು.

ಮನಸ್ಸಿನ ಕಡೆಯಿಂದ ಒಂದೇ ಪ್ರಯೋಗ ಸಾಕು. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಕೆಲವರಿಗೆ ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಐಸ್‌ಕ್ರೀಂ ಇಟ್ಟರು. ಮಾಮೂಲಿಯಾಗಿ ತಿನ್ನುವವರು ಕಡಿಮೆ ತಿಂದರು. ತಿನ್ನುವುದಕ್ಕೆ ಸದಾ ಕಡಿವಾಣ ಹಾಕಿಕೊಂಡವರು ಜಾಸ್ತಿ ತಿಂದರು. ಹೇಗೂ ನಿಯಮ ಮುರಿಯಿತಲ್ಲ, ಇನ್ನೇನು! ಈ ಯೋಚನೆ ಬಂದ ಮೇಲೆ ಹೊಟ್ಟೆ ತುಂಬಿದ್ದು ಲೆಕ್ಕಕ್ಕೇ ಬರುವುದಿಲ್ಲ.

ಹಾಗಾದರೆ ದೇಹದ ಮಾತನ್ನು ನಂಬಬಹುದಾ? ಲಿಯಾನ್ ಬರ್ಚ್ ತಂಡ 1991ರಲ್ಲಿ 2ರಿಂದ 5 ವರ್ಷದ ಮಕ್ಕಳ ಊಟ ಅಳೆಯಿತು. ಒಂದು ಹೊತ್ತು ತುಂಬಾ, ಇನ್ನೊಂದು ಹೊತ್ತು ಚೂರೇ ಚೂರು. ಆದರೂ ದಿನದ ಒಟ್ಟು ಕ್ಯಾಲೊರಿ ಹೆಚ್ಚುಕಡಿಮೆ ಒಂದೇ. ಈ ಅಳತೆ ಹುಟ್ಟಿನಿಂದಲೇ ನಮ್ಮೊಳಗಿದೆ ಅಂತ ನನಗೆ ಅನಿಸುವುದು ಇದಕ್ಕೇ.

ದೊಡ್ಡವರು ಇದನ್ನು ಮತ್ತೆ ರೂಢಿ ಮಾಡಿಕೊಳ್ಳಬೇಕು. ಹೊಟ್ಟೆ ಹಿಗ್ಗಿದ ಸುದ್ದಿಯನ್ನು ವೇಗಸ್ ನರ ಮಿದುಳಿಗೆ ಒಯ್ಯುತ್ತದೆ. 'ಸಾಕು' ಎಂದು ತಿಳಿಸುವ ಕರುಳಿನ ಹಾರ್ಮೋನುಗಳು ಏರಲು ಇನ್ನೂ ಸ್ವಲ್ಪ ಹೊತ್ತು ಬೇಕು. ಹಾಗಾಗಿ ಊಟದ ನಡುವೆ ಒಮ್ಮೆ ನಿಂತು 'ಇನ್ನೂ ಬೇಕಾ?' ಅಂತ ಕೇಳಿಕೊಳ್ಳಿ. ಬೇಕಾದರೆ ತಿನ್ನಿ. ಹೀಗೆ ತಿನ್ನುವವರಲ್ಲಿ ಮಿತಿ ಮೀರಿ ತಿನ್ನುವುದು ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ಆದರೆ ಇದನ್ನು ತೂಕ ಇಳಿಸುವ ಉಪಾಯ ಅಂದುಕೊಳ್ಳಬೇಡಿ.

ತಟ್ಟೆಯಲ್ಲಿ ಏನಿದೆ ಎನ್ನುವುದೂ ಮುಖ್ಯ. ಹಾಲ್ ಅವರ 2019ರ ಪ್ರಯೋಗದಲ್ಲಿ 20 ಮಂದಿ, ಬೇಕಾದಷ್ಟು ತಿನ್ನಬಹುದು ಅಂದಾಗ, ಅತಿಯಾಗಿ ಸಂಸ್ಕರಿಸಿದ ಆಹಾರವಿದ್ದ ಎರಡು ವಾರ, ಸಂಸ್ಕರಿಸದ ಆಹಾರವಿದ್ದ ಎರಡು ವಾರಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಹಸಿವನ್ನು ಮಾತ್ರ ನೋಡಿ ತಿನ್ನುವುದು ಎಲ್ಲರಿಗೂ ಒಗ್ಗುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರು ಹೇಳಿದ ಹೊತ್ತು, ಅಳತೆಯನ್ನೇ ಪಾಲಿಸಬೇಕು. ತಿನ್ನುವುದೇ ಕಾಯಿಲೆಯಾಗಿ ಕಾಡುತ್ತಿರುವವರಿಗೆ ಹಸಿವಿನ ಸೂಚನೆ ಎಷ್ಟೋ ಸಲ ಸರಿಯಾಗಿ ಗೊತ್ತಾಗುವುದಿಲ್ಲ. ಅವರು ಶುರುವಿನಲ್ಲಿ ಗಡಿಯಾರ ನೋಡಿಯೇ ಊಟಕ್ಕೆ ಕೂರಬೇಕಾಗುತ್ತದೆ.