ಆ ಸುದ್ದಿ ಕೇಳಿದಾಗ ನೀವು ನಿಜಕ್ಕೂ ಎಲ್ಲಿದ್ದಿರಿ?

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಮೇಲೇರಿದ 73ನೇ ಸೆಕೆಂಡಿಗೆ ಚೂರುಚೂರಾಯಿತು. ಒಳಗಿದ್ದ ಏಳೂ ಜನ ತೀರಿಕೊಂಡರು. ಮರುದಿನ ಬೆಳಿಗ್ಗೆ ಎಮೊರಿ ವಿಶ್ವವಿದ್ಯಾಲಯದ 106 ವಿದ್ಯಾರ್ಥಿಗಳ ಕೈಗೆ ಒಂದೊಂದು ಹಾಳೆ ಬಂತು. ಸುದ್ದಿ ಕೇಳಿದಾಗ ಎಲ್ಲಿದ್ದಿರಿ? ಯಾರು ಹೇಳಿದರು? ಜೊತೆಗೆ ಯಾರಿದ್ದರು? ಏನು ಮಾಡುತ್ತಿದ್ದಿರಿ? ಅವರೆಲ್ಲ ಬರೆದುಕೊಟ್ಟರು. ಮನೋವಿಜ್ಞಾನಿ ಅಲ್ರಿಕ್ ನೈಸರ್ ಆ ಹಾಳೆಗಳನ್ನು ಜೋಪಾನವಾಗಿ ಎತ್ತಿಟ್ಟರು.

ಎರಡೂವರೆ ವರ್ಷದ ನಂತರ ಅವರಲ್ಲಿ 44 ಜನರಿಗೆ ಮತ್ತೆ ಅದೇ ಪ್ರಶ್ನೆಗಳು. ಒಬ್ಬರ ಉತ್ತರ ಹೀಗಿತ್ತು: ಹಾಸ್ಟೆಲಿನಲ್ಲಿ ರೂಮ್‌ಮೇಟ್ ಜೊತೆ ಕೂತು ಟೀವಿ ನೋಡುತ್ತಿದ್ದೆ, ಆಗ ಸುದ್ದಿ ಬಂತು, ಇಬ್ಬರೂ ದಂಗಾಗಿಬಿಟ್ಟೆವು. ಆದರೆ ಘಟನೆಯ ಮರುದಿನ ಅವರೇ ಬರೆದಿದ್ದದ್ದು ಬೇರೆ: ಧರ್ಮಶಾಸ್ತ್ರದ ಕ್ಲಾಸಿನಲ್ಲಿದ್ದಾಗ ಯಾರೋ ಬಂದು ಅದರ ಬಗ್ಗೆ ಮಾತಾಡತೊಡಗಿದರು, ಕ್ಲಾಸ್ ಮುಗಿದ ಮೇಲೆ ರೂಮಿಗೆ ಹೋಗಿ ಟೀವಿ ಹಾಕಿದೆ.

ಎರಡು ಉತ್ತರಗಳು ಎಷ್ಟು ಹೊಂದುತ್ತವೆ ಎಂದು ಪ್ರತಿಯೊಬ್ಬರಿಗೂ 7ಕ್ಕೆ ಅಂಕ ಕೊಟ್ಟರು. ಸರಾಸರಿ ಮೂರೂ ದಾಟಲಿಲ್ಲ. 11 ಜನರಿಗೆ ಸೊನ್ನೆ. ಮೂವರಿಗಷ್ಟೇ ಪೂರ್ತಿ ಅಂಕ. ನಿಮ್ಮ ನೆನಪಿನ ಮೇಲೆ ಎಷ್ಟು ಭರವಸೆ ಇದೆ ಅಂತ ಕೇಳಿದರೆ ಮಾತ್ರ, ಸರಾಸರಿ 5ಕ್ಕೆ 4ಕ್ಕಿಂತ ಜಾಸ್ತಿ! ಕೊನೆಗೆ ಅವರವರ ಹಳೆಯ ಹಾಳೆಯನ್ನೇ ಎದುರಿಗಿಟ್ಟರು. ಅಕ್ಷರ ತಮ್ಮದೇ ಅಂತ ಗೊತ್ತಾದರೂ ಹಳೆಯ ನೆನಪು ಯಾರಿಗೂ ಮರಳಲಿಲ್ಲ. ನನಗಂತೂ ಇಡೀ ಪ್ರಯೋಗದಲ್ಲಿ ಅಂಕಗಳಿಗಿಂತ ಇದೇ ಹೆಚ್ಚು ಕಾಡುತ್ತದೆ.

ದೊಡ್ಡ ಸುದ್ದಿ ಕೇಳಿದ ಕ್ಷಣದ ಇಂಥ ನೆನಪಿಗೆ, ಕ್ಯಾಮೆರಾದ ಫ್ಲ್ಯಾಶ್ ಹೊಡೆದು ಫೋಟೊ ತೆಗೆದಂತೆ ಅನ್ನುವ ಅರ್ಥದಲ್ಲಿ, ಫ್ಲ್ಯಾಶ್‌ಬಲ್ಬ್ ಮೆಮೊರಿ ಎಂಬ ಹೆಸರು ಬಂದದ್ದು 1977ರಲ್ಲಿ. ಮನೋವಿಜ್ಞಾನಿಗಳಾದ ರೋಜರ್ ಬ್ರೌನ್ ಮತ್ತು ಜೇಮ್ಸ್ ಕುಲಿಕ್ 80 ಅಮೆರಿಕನ್ನರನ್ನು ಮಾತಾಡಿಸಿದಾಗ, 1963ರಲ್ಲಿ ಅಧ್ಯಕ್ಷ ಕೆನಡಿ ಹತ್ಯೆಯ ಸುದ್ದಿ ತಮಗೆ ಹೇಗೆ ತಲುಪಿತು ಎಂದು 79 ಜನ ವಿವರವಾಗಿ ಹೇಳಿದ್ದರು. ಕರಿಯರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ವಿಷಯದಲ್ಲಿ ಹಾಗಾಗಲಿಲ್ಲ. ಕರಿಯರಲ್ಲಿ ನಾಲ್ಕರಲ್ಲಿ ಮೂವರಿಗೆ ಅಂಥ ನೆನಪಿತ್ತು, ಬಿಳಿಯರಲ್ಲಿ ಮೂರರಲ್ಲಿ ಸುಮಾರು ಒಬ್ಬರಿಗೆ. ಸುದ್ದಿ ಎಷ್ಟು ದೊಡ್ಡದು ಅನ್ನೋದಲ್ಲ, ಅದು ನಮಗೆ ಎಷ್ಟು ತಟ್ಟುತ್ತದೆ ಅನ್ನೋದು ಮುಖ್ಯ. ಈ ಮಾತು ಇಂದಿಗೂ ನಿಂತಿದೆ. ಆದರೆ ಅವರು ಕೇಳಿದ್ದು ಘಟನೆಯಾಗಿ ವರ್ಷಗಳೇ ಕಳೆದ ಮೇಲೆ. ಉತ್ತರ ಸರಿಯೋ ತಪ್ಪೋ ಎಂದು ತಾಳೆ ನೋಡಲು ಮರುದಿನದ ಹಾಳೆ ಅವರ ಬಳಿ ಇರಲಿಲ್ಲ.

ಹಾಗಾದರೆ ಇವು ಮಾಮೂಲಿ ನೆನಪುಗಳೇನಾ? ಪೂರ್ತಿ ಹಾಗೂ ಅಲ್ಲ. ಗಾಬರಿ, ದುಃಖ ಆದಾಗ ಮಿದುಳಿನ ಅಮಿಗ್ಡಲಾ ಎಂಬ ಪುಟ್ಟ ಭಾಗ ಚುರುಕಾಗುತ್ತದೆ. ಪಕ್ಕದಲ್ಲೇ ಇರುವ, ನೆನಪು ಕೂಡಿಡುವ ಹಿಪೊಕ್ಯಾಂಪಸ್‌ನ ಕೆಲಸಕ್ಕೆ ಇದು ಒತ್ತು ಕೊಡುತ್ತದೆ. ಹಾಗಾಗಿ ಘಟನೆಯ ತಿರುಳು ಗಟ್ಟಿಯಾಗಿ ಕೂರುತ್ತದೆ. ಸುತ್ತಲಿನ ಚಿಲ್ಲರೆ ವಿವರಗಳಿಗೆ ಆ ಭಾಗ್ಯವಿಲ್ಲ.

ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2001ರ ಸೆಪ್ಟೆಂಬರ್ 12ರಂದು, ಅಂದರೆ ಭಯೋತ್ಪಾದಕರ ದಾಳಿಗೆ ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದ ಮರುದಿನವೇ, ಇದನ್ನು ಚೆನ್ನಾಗಿ ಪರೀಕ್ಷಿಸಿದರು. 54 ವಿದ್ಯಾರ್ಥಿಗಳಿಂದ ದಾಳಿಯ ಸುದ್ದಿ ತಿಳಿದ ಬಗೆಯನ್ನೂ, ಅದರ ಹಿಂದಿನ ದಿನಗಳ ಇನ್ನೊಂದು ಸಾಧಾರಣ ಸಂಗತಿಯನ್ನೂ ಬರೆಸಿಕೊಂಡರು. ತಿಂಗಳುಗಳು ಕಳೆದಂತೆ ಎರಡೂ ನೆನಪುಗಳು ಒಂದೇ ವೇಗದಲ್ಲಿ ಸವೆದವು. ಸಾಧಾರಣ ಸಂಗತಿಯ ಮೇಲೆ ಭರವಸೆಯೂ ಜೊತೆಗೇ ಇಳಿಯಿತು. ದಾಳಿಯ ನೆನಪಿನ ಮೇಲಿನ ಭರವಸೆ ಮಾತ್ರ ಜಗ್ಗಲಿಲ್ಲ.

ಇನ್ನು ಟೀವಿಯ ಆಟ ನೋಡಿ. ಚಾಲೆಂಜರ್ ಅಧ್ಯಯನದಲ್ಲಿ ಮೊದಲು ಟೀವಿಯಿಂದ ಸುದ್ದಿ ತಿಳಿಯಿತು ಎಂದವರು ಶುರುವಿನಲ್ಲಿ ಶೇ. 21. ಎರಡೂವರೆ ವರ್ಷದ ಮೇಲೆ ಶೇ. 45. ಇವರೇನೂ ಸುಳ್ಳು ಹೇಳಲಿಲ್ಲ. ಅವತ್ತು ಟೀವಿ ನೋಡಿದ್ದು ನಿಜವೇ, ಆದರೆ ಆಮೇಲೆ. ಪದೇ ಪದೇ ಕಂಡ ದೃಶ್ಯ ಮುಂದೆ ಬಂದು, ಮೊದಲು ಸುದ್ದಿ ಹೇಳಿದವರು ಮರೆಗೆ ಸರಿದರು. ಕೆಲವೊಮ್ಮೆ ಇಲ್ಲದ ದೃಶ್ಯವೂ ಹುಟ್ಟಿಕೊಳ್ಳುತ್ತದೆ. 1992ರ ಅಕ್ಟೋಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನ ವಸತಿ ಕಟ್ಟಡಗಳ ಮೇಲೆ ಒಂದು ಸರಕು ವಿಮಾನ ಬಿತ್ತು. ವಿಮಾನ ಅಪ್ಪಳಿಸುವ ಕ್ಷಣವನ್ನು ಟೀವಿಯಲ್ಲಿ ನೋಡಿದ್ದಿರಾ ಎಂದು ಹತ್ತು ತಿಂಗಳ ನಂತರ ಕೇಳಿದಾಗ, ಶೇ. 55ರಷ್ಟು ಮಂದಿ ಹೌದು ಅಂದರು. ಅಂಥ ವಿಡಿಯೊ ಯಾರೂ ತೆಗೆದೇ ಇರಲಿಲ್ಲ.

2001ರ ದಾಳಿಯ ಬಗ್ಗೆಯೇ ಅಮೆರಿಕದ ಏಳು ನಗರಗಳ 3,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿ, ಅವರಲ್ಲಿ ಸಿಕ್ಕವರನ್ನು ಹತ್ತು ವರ್ಷದವರೆಗೂ ಮತ್ತೆ ಮತ್ತೆ ಕೇಳಿದ ಅಧ್ಯಯನವೊಂದಿದೆ. ಮರೆವು ಜಾಸ್ತಿ ಆದದ್ದು ಮೊದಲ ವರ್ಷದಲ್ಲಿ. ಆಮೇಲೆ ಕಥೆ ಒಂದು ರೂಪಕ್ಕೆ ಬಂದು ನಿಂತುಬಿಟ್ಟಿತು, ತಪ್ಪುಗಳ ಸಮೇತ. ಸುದ್ದಿ ಎಲ್ಲಿ ಕೇಳಿದೆ ಅನ್ನೋದಕ್ಕಿಂತ, ಆಗ ಮನಸ್ಸಿಗೆ ಹೇಗನ್ನಿಸಿತ್ತು ಅನ್ನುವಲ್ಲೇ ಜನ ಹೆಚ್ಚು ಎಡವಿದರು. ಎಷ್ಟು ವಿಮಾನ, ಯಾವ ಜಾಗ ಎಂಬ ಘಟನೆಯ ವಿವರಗಳಲ್ಲಿ ಆದ ತಪ್ಪುಗಳು ಕಾಲಕ್ರಮದಲ್ಲಿ ಎಷ್ಟೋ ಸರಿಹೋದವು, ಪತ್ರಿಕೆ ಮತ್ತು ಟೀವಿ ಅವನ್ನು ತಿದ್ದುತ್ತಲೇ ಇದ್ದವಲ್ಲ. ನಾವು ಎಲ್ಲಿದ್ದೆವು ಎಂಬುದನ್ನು ತಿದ್ದಲು ಅಂಥ ಯಾರೂ ಇಲ್ಲ. ಅವತ್ತು ಪಕ್ಕದಲ್ಲಿದ್ದವರನ್ನು ಕೇಳೋಣ ಅಂದರೆ, ಅವರದ್ದೂ ಇದೇ ಪಾಡು.