ದಲ್ಲಾಳಿಯ ಡೈರಿ ಅಂತರ್ಜಾಲಕ್ಕೆ ಬಂದದ್ದು

ಮೂವತ್ತು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಬೇಕಾದವರು ಬಡಾವಣೆಯ ಟೀ ಅಂಗಡಿಯಲ್ಲೋ ಇಸ್ತ್ರಿ ಗಾಡಿಯವನ ಬಳಿಯೋ ವಿಚಾರಿಸುತ್ತಿದ್ದರು. ಹತ್ತು ನಿಮಿಷದಲ್ಲಿ ದಲ್ಲಾಳಿ ಸ್ಕೂಟರ್ ಏರಿ ಹಾಜರು. ಆತನ ಬಂಡವಾಳವೆಲ್ಲ ಜೇಬಿನ ಡೈರಿಯಲ್ಲಿತ್ತು: ಯಾವ ಅಡ್ಡರಸ್ತೆಯಲ್ಲಿ ಮನೆ ಖಾಲಿಯಾಗಲಿದೆ, ಕಾವೇರಿ ನೀರೋ ಬೋರ್‌ವೆಲ್ಲೋ, ಮಾಲೀಕರು ಮಾಂಸಾಹಾರಿಗಳಿಗೆ ಕೊಡುತ್ತಾರೋ ಇಲ್ಲವೋ. ಆ ಪುಟ ಬೇರೆಯವರ ಕಣ್ಣಿಗೆ ಬಿದ್ದರೆ ಒಂದು ತಿಂಗಳ ಬಾಡಿಗೆಯಷ್ಟು ಕಮಿಷನ್ ಹೋದಂತೆಯೇ.

2005ರಲ್ಲಿ 99ಏಕರ್ಸ್, ಮರುವರ್ಷ ಮ್ಯಾಜಿಕ್‌ಬ್ರಿಕ್ಸ್, 2007ರಲ್ಲಿ ಬೆಂಗಳೂರಿನದೇ ಆದ ಕಾಮನ್‌ಫ್ಲೋರ್ ಎಂಬ ಮನೆ-ನಿವೇಶನದ ಜಾಲತಾಣಗಳು ಬಂದವು. ಇನ್ನು ದಲ್ಲಾಳಿಯ ಅನ್ನಕ್ಕೆ ಕಲ್ಲು ಬಿತ್ತು ಎಂದುಕೊಂಡವರೇ ಹೆಚ್ಚು. ಆದರೆ ಎರಡು ಮೂರು ವರ್ಷಕ್ಕೊಮ್ಮೆ ಮನೆ ಬದಲಿಸುವ ಬಾಡಿಗೆದಾರನನ್ನು ನಂಬಿ ಜಾಲತಾಣ ನಡೆಯುವುದಿಲ್ಲ. ತಿಂಗಳು ತಿಂಗಳು ದುಡ್ಡು ಕಟ್ಟಿ ಜಾಹೀರಾತು ಹಾಕುವವರು ಬಿಲ್ಡರ್‌ಗಳು ಮತ್ತು ಅದೇ ದಲ್ಲಾಳಿಗಳು. ಪತ್ರಿಕೆಯ ಕಿರು ಜಾಹೀರಾತಿನಲ್ಲಿ ಪದ ಎಣಿಸಿ ಹಣ ತೆರುತ್ತಿದ್ದವರಿಗೆ ಇಲ್ಲಿ ಬಯಲೇ ಸಿಕ್ಕಿತು.

ಬಯಲು ಸಿಕ್ಕ ಮೇಲೆ ಸುಳ್ಳೂ ಹಬ್ಬಿತು. ನಾನು ಮನೆ ಹುಡುಕುತ್ತಿದ್ದಾಗ ತುಳಸಿ ಕುಂಡ, ನೀಲಿ ಬಕೆಟ್ ಇದ್ದ ಒಂದೇ ಬಾಲ್ಕನಿಯ ಚಿತ್ರ ನಾಲ್ವರ ಹೆಸರಿನಲ್ಲಿ, ನಾಲ್ಕು ಬಗೆಯ ಬಾಡಿಗೆಗೆ ಕಾಣಿಸಿತು. ಅಗ್ಗದ್ದಕ್ಕೆ ಫೋನ್ ಮಾಡಿದೆ. “ಅದು ಈಗ ತಾನೇ ಹೋಯಿತು ಸಾರ್. ಅದಕ್ಕಿಂತ ಒಳ್ಳೆಯದೊಂದಿದೆ, ಸ್ವಲ್ಪ ಹೆಚ್ಚಾಗುತ್ತದೆ.” ಎರಡು ತಿಂಗಳ ನಂತರವೂ ಆ ಬಕೆಟ್ ಅಲ್ಲೇ ಇತ್ತು.

ದಲ್ಲಾಳಿಯಿಲ್ಲದೆ ಮಾಲೀಕರನ್ನೂ ಬಾಡಿಗೆದಾರರನ್ನೂ ನೇರ ಸೇರಿಸುವ ಜಾಲತಾಣವಾಗಿ 2014ರಲ್ಲಿ ಹುಟ್ಟಿದ ನೋಬ್ರೋಕರ್‌ನ ಹೆಸರೇ ಜಗಳಕ್ಕೆ ಕರೆದಂತಿತ್ತು. ಮರುವರ್ಷ ಬೆಂಗಳೂರಿನ ಅದರ ಕಚೇರಿಗೆ ದಲ್ಲಾಳಿಗಳು ನುಗ್ಗಿ ದಾಂಧಲೆ ಮಾಡಿದರು. ದಾಂಧಲೆಗಿಂತ ಹೆಚ್ಚು ಫಲಿಸಿದ್ದು ವೇಷ: ಮಾಲೀಕರ ಸೋಗಿನಲ್ಲಿ ಒಳಹೊಕ್ಕು ಮನೆ ಪಟ್ಟಿ ಮಾಡುವುದು, ಬಾಡಿಗೆದಾರರ ಸೋಗಿನಲ್ಲಿ ಮಾಲೀಕರ ಸಂಖ್ಯೆ ಎತ್ತುವುದು. ಸೋಗುಗಾರರನ್ನು ಜರಡಿ ಹಿಡಿಯುವುದೇ ಕಂಪನಿಗೆ ಒಂದು ಕಸುಬಾಯಿತು. 2021ರಲ್ಲಿ ಅದರ ಮೌಲ್ಯ ನೂರು ಕೋಟಿ ಡಾಲರ್ ಮುಟ್ಟಿತು, ದಲ್ಲಾಳಿಗಳೂ ಉಳಿದರು.

ಸರ್ಕಾರ ಬಂದದ್ದು ತಡವಾಗಿ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಪ್ರಕಾರ, ನೋಂದಾಯಿತ ಯೋಜನೆಯ ಫ್ಲ್ಯಾಟ್ ಅಥವಾ ನಿವೇಶನ ಮಾರಿಸುವ ಏಜೆಂಟ್ ತಾನೂ ನೋಂದಾಯಿಸಿಕೊಳ್ಳಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ. ಯೋಜನೆಯ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆಯೂ ಇರಬೇಕು. ಬಾಡಿಗೆ ಮನೆ ಮಾತ್ರ ಈ ಬಲೆಗೆ ಬೀಳುವುದಿಲ್ಲ. ನನ್ನ ನೀಲಿ ಬಕೆಟ್ಟಿಗೆ ರೇರಾದಲ್ಲಿ ನ್ಯಾಯವಿಲ್ಲ.

ದಾಖಲೆಗಳೂ ಪರದೆಗೆ ಬಂದವು. ಪಹಣಿ ಸರ್ಕಾರದ ‘ಭೂಮಿ’ ಜಾಲತಾಣದಲ್ಲಿ, ಋಣಭಾರ ಪತ್ರ ‘ಕಾವೇರಿ’ ಜಾಲತಾಣದಲ್ಲಿ, ಈಗ ಆಸ್ತಿ ನೋಂದಣಿಗೆ ಇ-ಖಾತಾ, ಅಂದರೆ ಆಸ್ತಿಯ ಡಿಜಿಟಲ್ ಖಾತೆ, ಕಡ್ಡಾಯ. ಯಾರು ಬೇಕಾದರೂ ಮನೆಯಲ್ಲೇ ಕುಳಿತು ಪಡೆಯಬಹುದು ಎನ್ನುತ್ತಾರೆ. ಹೆಸರಿನ ಒಂದಕ್ಷರ ತಾಳೆಯಾಗದೆ ಅರ್ಜಿ ಮರಳಿದಾಗ ಜನ ಮತ್ತೆ ಅದೇ ಟೀ ಅಂಗಡಿಯ ಕಡೆ ನಡೆಯುತ್ತಾರೆ. ಅರ್ಜಿ ತುಂಬಿಸಿಕೊಡಲು ಈಗ ಪ್ರತ್ಯೇಕ ದರ.

ನಮ್ಮ ಬೀದಿಯ ದಲ್ಲಾಳಿ ಇತ್ತೀಚೆಗೆ ರೀಲ್ಸ್ ಮಾಡುತ್ತಾರೆ. 30-40 ಅಳತೆಯ ಮನೆಯ ಅಡುಗೆಕೋಣೆ, ಸಂಪು, ತಾರಸಿ, ಪೂರ್ವದ ಬಾಗಿಲು ಎಲ್ಲವನ್ನೂ ತೋರಿಸುತ್ತಾರೆ. ಗೇಟಿನ ಮೇಲಿನ ಮನೆ ಸಂಖ್ಯೆ ಬಂದಾಗ ಮಾತ್ರ ಅಂಗೈ ಅಡ್ಡ ಬರುತ್ತದೆ.